ಹತ್ತು ವಾರದ ಆಚೆ: ಜಿಮ್ ಮಾಸ್ಟರ್‌ಗಳಿಗೆ ಒಂದು ಬಹಿರಂಗ ಪತ್ರ

ಜಿಮ್ ನಡೆಸುವವರೆ, ಅಲ್ಲಿ ಬೆಳಗ್ಗೆ ಸಂಜೆ ತರಬೇತಿ ಕೊಡುವ ಮಾಸ್ಟರ್‌ಗಳೆ, ಊರಿಗೊಂದು ಕಬಡ್ಡಿ ತಂಡ ಕಟ್ಟುವವರೆ, ಪೊಲೀಸ್ ಭರ್ತಿಗೆ, ಅಗ್ನಿವೀರ್ ರ‍್ಯಾಲಿಗೆ ಹುಡುಗರನ್ನು ಓಡಿಸುವ ಕೋಚ್‌ಗಳೆ,

ಈ ಪತ್ರವನ್ನು ಹುಡುಗರಿಗೇ ಬರೆಯಬಹುದಿತ್ತು. ಬರೆದರೆ ಓದುವುದಿಲ್ಲ, ಓದಿದರೂ ನಂಬುವುದಿಲ್ಲ. ಹದಿನೇಳರ ಹುಡುಗ ಅಪ್ಪನ ಮಾತಿಗೆ ಎದುರಾಡುತ್ತಾನೆ, ಮೇಷ್ಟ್ರ ಮಾತಿಗೆ ತಲೆಯಾಡಿಸಿ ಹೊರಗೆ ಬಂದು ನಗುತ್ತಾನೆ, ನನ್ನಂಥ ಡಾಕ್ಟರ ಎದುರು ಕೂತು ಅರ್ಧ ನಿಜ ಹೇಳುತ್ತಾನೆ. ನೀವು ‘ಇನ್ನೊಂದು ಸೆಟ್’ ಅಂದರೆ ಮಾತ್ರ ಕೈ ನಡುಗುತ್ತಿದ್ದರೂ ಎತ್ತುತ್ತಾನೆ. ರಾತ್ರಿ ಎಷ್ಟು ಗಂಟೆಗೆ ಮಲಗಬೇಕು, ಎಷ್ಟು ಮೊಟ್ಟೆ ತಿನ್ನಬೇಕು, ಹಳದಿ ತೆಗೆಯಬೇಕೋ ಬೇಡವೋ, ಎಲ್ಲಕ್ಕೂ ನಿಮ್ಮನ್ನೇ ಕೇಳುತ್ತಾನೆ. ಸೂಜಿಯ ವಿಚಾರವನ್ನೂ ಅವನು ಕೇಳುವುದು ನಿಮ್ಮನ್ನೇ. ಆದ್ದರಿಂದ ಪತ್ರ ನಿಮಗೆ.

ನಾನು ತಾಲೂಕು ಕೇಂದ್ರವೊಂದರಲ್ಲಿ ಪ್ರಾಕ್ಟೀಸ್ ಮಾಡುವ ಫಿಸಿಷಿಯನ್. ನಿಮ್ಮ ಮೇಲೆ ದೂರು ಹೊರಿಸುವ ಮೊದಲು ನಿಮ್ಮದೊಂದು ದೂರನ್ನು ಒಪ್ಪಿಕೊಳ್ಳುತ್ತೇನೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಲು ಜನ ಸಾಲುಗಟ್ಟಿದರು, ಎಷ್ಟೋ ಮನೆಗಳಲ್ಲಿ ಮಕ್ಕಳ ಜಿಮ್ ಬಿಡಿಸಿದರು. ಅವರ ಸಾವಿಗೂ ನಾನು ಇಲ್ಲಿ ಬರೆಯುತ್ತಿರುವ ಮದ್ದುಗಳಿಗೂ ಏನೇನೂ ಸಂಬಂಧವಿಲ್ಲ. ಆದರೆ ಆ ಭಯದಲ್ಲಿ ನಮ್ಮ ಜನ ಕಬ್ಬಿಣ ಎತ್ತುವುದೇ ಅಪಾಯ ಎಂಬ ತೀರ್ಮಾನಕ್ಕೆ ಬಂದುಬಿಟ್ಟರು. ಅದು ನಿಮಗೆ ಆದ ಅನ್ಯಾಯ. ನಲವತ್ತು ದಾಟಿದ ನನ್ನ ಸಕ್ಕರೆ ಕಾಯಿಲೆಯವರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ ನಿಮ್ಮಲ್ಲಿಗೆ ಬಂದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತದೆ. ಭಾರ ಎತ್ತುವುದು ಒಳ್ಳೆಯದು. ನನ್ನ ತಕರಾರು ಏನಿದ್ದರೂ ಅದರ ಪಕ್ಕದ ಕಪಾಟಿನಲ್ಲಿ ಇರುವುದರ ಬಗ್ಗೆ.

ನೇರ ವಿಷಯಕ್ಕೆ ಬರುತ್ತೇನೆ. ಸ್ಟಿರಾಯ್ಡ್ ಕೆಲಸ ಮಾಡುತ್ತದೆ. ವೈದ್ಯನೊಬ್ಬ ಇದನ್ನು ಬರೆದು ಕೊಡುವುದು ನಿಮಗೆ ವಿಚಿತ್ರ ಅನ್ನಿಸಬಹುದು. ಇದನ್ನು ಒಪ್ಪದೆ ನಮ್ಮವರು ಬಹಳ ವರ್ಷ ಕಳೆದರು, ಆ ವರ್ಷಗಳಲ್ಲಿ ನಿಮ್ಮವರ ನಂಬಿಕೆಯನ್ನೂ ಕಳೆದುಕೊಂಡರು. 1977ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪ್ರಕಟಿಸಿದ ನಿಲುವಿನ ಪ್ರಕಾರ ಈ ಔಷಧಗಳಿಂದ ಬಲ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅದೇ ಹೊತ್ತಿಗೆ ಗುಂಡು ಎಸೆಯುವವರು, ಭಾರ ಎತ್ತುವವರು ದಿನಾ ಕನ್ನಡಿಯಲ್ಲಿ ಪುರಾವೆ ನೋಡಿಕೊಳ್ಳುತ್ತಿದ್ದರು. 1984ರಲ್ಲಿ ಸಂಸ್ಥೆ ತನ್ನ ಮಾತನ್ನು ತಿದ್ದಿಕೊಂಡಿತು. 1996ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶಲೇಂದರ್ ಭಸಿನ್ ಎಂಬ ಭಾರತೀಯ ಮೂಲದ ವೈದ್ಯರು ಮತ್ತು ಅವರ ಜೊತೆಯವರು ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದರು. ಹತ್ತು ವಾರದ ಪ್ರಯೋಗ ಅದು. ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಂಡು ವ್ಯಾಯಾಮವನ್ನೇ ಮಾಡದೆ ಕೂತವರು, ಖಾಲಿ ಇಂಜೆಕ್ಷನ್ ಪಡೆದು ಬೆವರು ಸುರಿಸಿದವರಿಗಿಂತ ಹೆಚ್ಚು ಮಾಂಸ ಕಟ್ಟಿದ್ದರು. ಎರಡೂ ಸೇರಿದವರು ಎಲ್ಲರನ್ನೂ ಮೀರಿಸಿದ್ದರು.

ಹಾಗಾಗಿ ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ. ಹುಡುಗ ದಪ್ಪಗಾಗುತ್ತಾನೆ, ಬೆಂಚ್ ಪ್ರೆಸ್ ಏರುತ್ತದೆ, ಟೀ ಶರ್ಟಿನ ತೋಳು ಬಿಗಿಯುತ್ತದೆ, ಇನ್‌ಸ್ಟಾಗ್ರಾಂನಲ್ಲಿ ‘ಮೊದಲು–ಆಮೇಲೆ’ ಫೋಟೋ ಬೀಳುತ್ತದೆ. ಭಸಿನ್ ಅವರ ಪ್ರಯೋಗ ಹತ್ತು ವಾರಕ್ಕೆ ಮುಗಿಯಿತು. ನಿಮ್ಮ ಜಿಮ್‌ನಲ್ಲೂ ನಿಮಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ ದಿನ. ಆಮೇಲೆ ಅವನು ಫೀಸು ಕಟ್ಟುವುದು ನಿಲ್ಲಿಸುತ್ತಾನೆ, ಬೆಂಗಳೂರಿಗೆ ಹೋಗುತ್ತಾನೆ, ಮದುವೆಯಾಗುತ್ತಾನೆ. ಹನ್ನೊಂದನೇ ವಾರದಿಂದ ಆಚೆಗಿನ ಹತ್ತು ವರ್ಷವನ್ನು ನೋಡುವವರು ನಾವು. ನೀವು ಕೆಟ್ಟವರು ಎಂದು ನಾನು ಅಂದುಕೊಂಡಿಲ್ಲ. ಪರಿಣಾಮ ನಿಮ್ಮ ಬಾಗಿಲಿಗೆ ಎಂದೂ ಬರುವುದಿಲ್ಲ, ಹಾಗಾಗಿ ಮದ್ದು ನಿಮಗೆ ನಿರಪಾಯವಾಗಿ ಕಾಣುತ್ತದೆ. ‘ನಾನೇ ಮೂರು ಸೈಕಲ್ ಮಾಡಿದೀನಿ ಸಾರ್, ನಂಗೇನಾಗಿದೆ?’ ಎಂದು ತಾವು ಮುಗಿಸಿದ ಮದ್ದಿನ ಸುತ್ತು ಎಣಿಸಿ ಕೇಳುವ ಮಾಸ್ಟರ್‌ಗಳಿದ್ದಾರೆ. ಅವರಲ್ಲಿ ಎಷ್ಟು ಜನ ಹೃದಯದ ಎಕೋ ಮಾಡಿಸಿದ್ದಾರೆ?

ಒಳಗೆ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಯೂಟ್ಯೂಬ್ ನೋಡಿದ ಹುಡುಗರಿಗೆ ಇದರ ಅರ್ಧ ಗೊತ್ತಿದೆ, ಆ ಅರ್ಧವೇ ಧೈರ್ಯ ಕೊಡುತ್ತಿದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಕಳಿಸಿ ವೃಷಣಕ್ಕೆ ಕೆಲಸ ಹೇಳುತ್ತದೆ. ಒಂದರಿಂದ ಟೆಸ್ಟೊಸ್ಟಿರಾನ್ ತಯಾರಾಗುತ್ತದೆ, ಎರಡೂ ಸೇರಿ ವೀರ್ಯಾಣು. ರಕ್ತದಲ್ಲಿ ಟೆಸ್ಟೊಸ್ಟಿರಾನ್ ಸಾಕಷ್ಟಿದೆ ಅಂದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಮನೆ ಮೇಲಿನ ಟ್ಯಾಂಕಿಗೆ ದಿನಾ ಟ್ಯಾಂಕರ್ ನೀರು ಸುರಿದರೆ ಫ್ಲೋಟ್ ಮೇಲೇ ಇರುತ್ತದೆ, ಕೆಳಗಿನ ಮೋಟಾರು ಚಾಲೂ ಆಗುವುದೇ ಇಲ್ಲ, ತಿಂಗಳುಗಟ್ಟಲೆ ನಿಂತ ಮೋಟಾರು ಕೊನೆಗೆ ಜಾಮ್ ಆಗುತ್ತದೆ. ಹೊರಗಿನಿಂದ ಹಾರ್ಮೋನು ಬಿದ್ದ ಮೈಯಲ್ಲಿ ಆಗುವುದೂ ಹೀಗೆಯೇ. ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಎಣಿಕೆ ಸೊನ್ನೆಗೆ ಇಳಿಯಬಹುದು. ಸೈಕಲ್ ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ಅದು ಮರಳುತ್ತದೆ, ಆದರೆ ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಕ್ಕೂ ಮಿಕ್ಕಿ ಬೇಕಾಗುತ್ತದೆ. ಕೆಲವರಲ್ಲಿ ಪೂರ್ತಿ ಮರಳುವುದೇ ಇಲ್ಲ. ‘ಪಿಸಿಟಿ ಮಾಡ್ಕೊಂಡ್ರೆ ಆಯ್ತು’ ಎಂದು ನೀವು ಸೈಕಲ್ ಮುಗಿದ ಮೇಲೆ ಕೊಡಿಸುವ ಆ ಮಾತ್ರೆಗಳು, ಕ್ಲೊಮಿಫೀನ್ ಮತ್ತು ಟ್ಯಾಮಾಕ್ಸಿಫೆನ್, ಒಂದು ಬಂಜೆತನಕ್ಕೆ, ಇನ್ನೊಂದು ಸ್ತನ ಕ್ಯಾನ್ಸರಿಗೆ ವೈದ್ಯರು ಬರೆಯುವ ಔಷಧ. ಅವನ್ನು ವಾಟ್ಸಾಪ್ ಚಾರ್ಟ್ ನೋಡಿ ಕೊಡುವುದು ಯಾವ ಧೈರ್ಯದ ಮೇಲೆ?

ನಮ್ಮ ಕಡೆ ಇದರ ಇನ್ನೊಂದು ಮುಖವಿದೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲ ಅಂದರೆ ಮೊದಲು ಸ್ಕ್ಯಾನಿಂಗಿಗೆ ಹೋಗುವವಳು ಹೆಂಡತಿ, ಹರಕೆ ಹೊರುವವಳೂ ಅವಳೇ. ಅತ್ತೆಯ ಮಾತು ಕೇಳುವವಳೂ ಅವಳೇ. ಗಂಡನ ವೀರ್ಯ ಪರೀಕ್ಷೆ ಆಗುವುದು ಎಲ್ಲ ಮುಗಿದ ಮೇಲೆ. ಆಗಲೂ ಅವನು ‘ಕಾಲೇಜಲ್ಲಿದ್ದಾಗ ಸ್ವಲ್ಪ ದಿನ ಜಿಮ್ ಇಂಜೆಕ್ಷನ್’ ಎಂದು ಬಾಯಿಬಿಡುವುದು ಹೆಂಡತಿಯನ್ನು ಹೊರಗೆ ಕೂರಿಸಿದರೆ ಮಾತ್ರ.

ಹದಿನೆಂಟರ ಒಳಗಿನವರ ಲೆಕ್ಕ ಬೇರೆ. ಮೂಳೆಗಳ ತುದಿಯಲ್ಲಿ ಬೆಳೆಯುವ ಪಟ್ಟಿಗಳಿರುತ್ತವೆ. ಅವು ತೆರೆದಿರುವವರೆಗೆ ಹುಡುಗ ಎತ್ತರವಾಗುತ್ತಾನೆ. ಹೊರಗಿನಿಂದ ಬಿದ್ದ ಟೆಸ್ಟೊಸ್ಟಿರಾನಿನಲ್ಲಿ ಒಂದು ಪಾಲನ್ನು ದೇಹ ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ, ಆ ಪಟ್ಟಿಗಳನ್ನು ಮುಚ್ಚುವುದು ಮುಖ್ಯವಾಗಿ ಅದೇ. ಹದಿನಾರರಲ್ಲಿ ಮೈ ತುಂಬಿಕೊಂಡವನ ಎತ್ತರ ಅಲ್ಲಿಗೇ ನಿಲ್ಲಬಹುದು. ಪೊಲೀಸ್ ಕೆಲಸಕ್ಕೆಂದು ಮೈ ಬೆಳೆಸಲು ಬಂದವನಿಗೆ ಎತ್ತರದ ಅಳತೆಯಲ್ಲೇ ಬಾಗಿಲು ಮುಚ್ಚಿದರೆ ಅದಕ್ಕಿಂತ ಕ್ರೂರ ವ್ಯಂಗ್ಯ ಯಾವುದಿದೆ? ಅದೇ ಈಸ್ಟ್ರೊಜೆನ್‌ನಿಂದ ಗಂಡು ಹುಡುಗರಿಗೆ ಎದೆ ಬೆಳೆಯುತ್ತದೆ. ಒಮ್ಮೆ ಗಂಟು ಗಟ್ಟಿಯಾದರೆ ಆಪರೇಷನ್ ಬಿಟ್ಟರೆ ದಾರಿಯಿಲ್ಲ. ಬೆನ್ನ ತುಂಬ ಮೊಡವೆ, ಉದುರುವ ಕೂದಲು ಇವೆಲ್ಲ ನಿಮಗೆ ಗೊತ್ತಿರುವುದೇ. ಹೆಣ್ಣುಮಕ್ಕಳಿಗೆ ದನಿ ಒಡೆದರೆ ಮದ್ದು ಬಿಟ್ಟ ಮೇಲೂ ಹಳೆಯ ದನಿ ಮರಳುವುದಿಲ್ಲ.

ಬಾಯಿಂದ ನುಂಗುವ ಸ್ಟಿರಾಯ್ಡ್‌ಗಳನ್ನು, ಅಂದರೆ ನೀವು ಡಿ-ಬಾಲ್ ಎನ್ನುವ ಮೆಥಾಂಡಿಯೆನೋನ್ ಮತ್ತು ಸ್ಟ್ಯಾನೊಜೊಲಾಲ್ ಅಂಥವನ್ನು, ಪಿತ್ತಜನಕಾಂಗ ಬೇಗ ಒಡೆದುಹಾಕದಂತೆ ರಾಸಾಯನಿಕವಾಗಿ ತಿದ್ದಿರುತ್ತಾರೆ. ಆ ತಿದ್ದುಪಡಿಯೇ ಪಿತ್ತಜನಕಾಂಗಕ್ಕೆ ವಿಷ. ಕಣ್ಣು ಹಳದಿಯಾಗಿ, ಮೈ ತುರಿಕೆ ತಡೆಯಲಾರದೆ ಬರುವ ಹುಡುಗರಿದ್ದಾರೆ. ಅದರಲ್ಲೂ ಕಾಮಾಲೆ ಅಂದಕೂಡಲೇ ನಮ್ಮಲ್ಲಿ ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ. ನಡುವೆ ಡಿ-ಬಾಲ್ ನಡೆಯುತ್ತಲೇ ಇರುತ್ತದೆ, ಏಕೆಂದರೆ ಸೈಕಲ್ ಅರ್ಧಕ್ಕೆ ಬಿಡಬಾರದಂತೆ!

ಹೃದಯದ ಮಾತಿಗೆ ಬಂದರೆ ಎರಡು ಅಧ್ಯಯನ ಹೇಳಿ ಮುಂದೆ ಹೋಗುತ್ತೇನೆ. 2017ರಲ್ಲಿ ಅಮೆರಿಕದಲ್ಲಿ ಭಾರ ಎತ್ತುವ 140 ಗಂಡಸರ ಹೃದಯ ನೋಡಿದರು. 86 ಜನ ವರ್ಷಗಟ್ಟಲೆ ಸ್ಟಿರಾಯ್ಡ್ ಬಳಸಿದವರು, 54 ಜನ ಬಳಸದವರು. ಎರಡೂ ಗುಂಪಿನವರು ಎತ್ತುತ್ತಿದ್ದುದು ಅದೇ ಕಬ್ಬಿಣ. ಒಂದು ಬಡಿತಕ್ಕೆ ಎಡ ಹೃತ್ಕುಕ್ಷಿ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ ಬಳಸದವರಲ್ಲಿ ಸರಾಸರಿ 63 ಶೇಕಡಾ ಇತ್ತು, ಬಳಸಿದವರಲ್ಲಿ 52. ಹೃದಯದ ರಕ್ತನಾಳಗಳಲ್ಲಿ ಕೊಬ್ಬಿನ ಕಟ್ಟೂ ಅವರಲ್ಲೇ ಹೆಚ್ಚು. ಇನ್ನೊಂದು ಡೆನ್ಮಾರ್ಕಿನದು. ಅಲ್ಲಿ ಸಾಮಾನ್ಯ ಜಿಮ್‌ಗಳಲ್ಲೇ ಡೋಪ್ ಪರೀಕ್ಷೆ ನಡೆಯುತ್ತದೆ, ಆದ್ದರಿಂದ ಸಿಕ್ಕಿಬಿದ್ದವರ ಪಟ್ಟಿ ಸರ್ಕಾರದ ಬಳಿ ಇದೆ. ಆ ಗಂಡಸರನ್ನು ವರ್ಷಗಳ ಕಾಲ ಹಿಂಬಾಲಿಸಿದಾಗ, ಅದೇ ವಯಸ್ಸಿನ ಇತರರಿಗಿಂತ ಅವರಲ್ಲಿ ಸಾವು ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಿಕ್ಕವರು ಒಲಿಂಪಿಕ್ಸ್‌ಗೆ ಹೋಗುವವರಲ್ಲ, ನಿಮ್ಮಲ್ಲಿಗೆ ಬರುವಂಥವರೇ.

ಈಗ ನಿಮ್ಮ ಕಸುಬಿನವರ ಒಂದು ಹಳೆಯ ಕಥೆ. ಪೂರ್ವ ಜರ್ಮನಿ ಎಂಬ ದೇಶ ಇತ್ತಲ್ಲ, ಒಂದೂಮುಕ್ಕಾಲು ಕೋಟಿಯೂ ಇಲ್ಲದ ಜನಸಂಖ್ಯೆಯಲ್ಲಿ ಒಲಿಂಪಿಕ್ಸ್ ಪದಕಗಳನ್ನು ಬಾಚಿಕೊಳ್ಳುತ್ತಿದ್ದ ದೇಶ. ಅಲ್ಲಿ 1974ರಿಂದ ಡೋಪಿಂಗ್ ಸರ್ಕಾರದ ಅಧಿಕೃತ ಯೋಜನೆಯಾಗಿತ್ತು, ಅದಕ್ಕೊಂದು ಕಡತ ಸಂಖ್ಯೆಯೂ ಇತ್ತು. ಓರಲ್ ಟ್ಯುರಿನಬಾಲ್ ಎಂಬ ನೀಲಿ ಮಾತ್ರೆಯನ್ನು ಹದಿಹರೆಯದ ಹುಡುಗಿಯರಿಗೆ ಕೊಡುತ್ತಿದ್ದರು. ಮಂತ್ರಿ ಬಂದು ಕೊಡಲಿಲ್ಲ, ಡಾಕ್ಟರೂ ಎದುರು ನಿಂತು ನುಂಗಿಸುತ್ತಿದ್ದುದು ಕಡಿಮೆ. ತಾಲೀಮು ಮುಗಿದ ಮೇಲೆ ಹುಡುಗಿಯ ಅಂಗೈಗೆ ಮಾತ್ರೆ ಇಡುತ್ತಿದ್ದವರು ಕೋಚ್‌ಗಳು. ಕೇಳಿದರೆ ವಿಟಮಿನ್ ಅನ್ನುತ್ತಿದ್ದರು. ಕೇಳಿದವರೂ ಕಡಿಮೆ. ಅಮ್ಮನಿಗಿಂತ ಹೆಚ್ಚು ಹೊತ್ತು ಜೊತೆಗಿರುವ ಕೋಚ್ ಕೊಟ್ಟದ್ದನ್ನು ಯಾರು ಪ್ರಶ್ನಿಸುತ್ತಾರೆ? ಹೈಡಿ ಕ್ರೀಗರ್ ಎಂಬ ಹುಡುಗಿ 1986ರಲ್ಲಿ ಗುಂಡು ಎಸೆತದಲ್ಲಿ ಯೂರೋಪಿನ ಚಾಂಪಿಯನ್ ಆದಳು. ಹದಿನಾರರಿಂದಲೇ ಆಕೆಗೆ ಆ ಮಾತ್ರೆ ನುಂಗಿಸಿದ್ದರು. ಮುಂದೆ 1997ರಲ್ಲಿ ಲಿಂಗ ಬದಲಾವಣೆಯ ಚಿಕಿತ್ಸೆ ಪಡೆದು ಆಂಡ್ರಿಯಾಸ್ ಎಂಬ ಹೆಸರಿಟ್ಟುಕೊಂಡರು. ತಾನು ಯಾರು ಎಂದು ತಾನೇ ತಿಳಿದುಕೊಳ್ಳುವ ಹಕ್ಕನ್ನು ಆ ಮಾತ್ರೆಗಳು ಕಸಿದವು ಎಂಬುದು ಅವರ ನೋವು. ಬೇರೆಯವರಿಗೆ ಪಿತ್ತಜನಕಾಂಗದ ಗಡ್ಡೆ, ಗರ್ಭಪಾತ, ಹೃದಯ ರೋಗ. ಆ ಯೋಜನೆಗೆ ಒಳಗಾದವರು ಸಾವಿರಗಟ್ಟಲೆ. ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮ್ಯಾನ್‌ಫ್ರೆಡ್ ಹ್ಯೋಪ್ನರ್ ಇಬ್ಬರನ್ನೂ ಅಪರಾಧಿಗಳೆಂದಿತು. ಶಿಕ್ಷೆ ಅಮಾನತಿನಲ್ಲಿಟ್ಟ ಜೈಲು. ಒಂದು ದಿನವೂ ಒಳಗೆ ಕೂರಲಿಲ್ಲ.

ದೂರದ ಮಾತು ಬೇಡ ಅನ್ನುವಿರಾದರೆ ಕುಂದಾಪುರ ತಾಲೂಕಿಗೆ ಬರೋಣ. ಸಿದ್ಧಾಪುರದ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್‌ನ 4x400 ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಾಗ ಕರಾವಳಿ ಹೇಗೆ ಮೆರೆಸಿತು ಎಂಬುದು ನಿಮಗೆ ನೆನಪಿರಬಹುದು. ಮರುವರ್ಷ ಅವರ ಮತ್ತು ಅವರ ಜೊತೆಗಾರ್ತಿಯರ ಮಾದರಿಯಲ್ಲಿ ಮೆಥಾಂಡಿಯೆನೋನ್ ಸಿಕ್ಕಿತು. ವಿದೇಶಿ ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಮದ್ದಿನಲ್ಲಿ ಅದು ಬೆರೆತಿರಬೇಕು, ತಮಗೆ ಗೊತ್ತಿರಲಿಲ್ಲ ಎಂಬುದು ಓಟಗಾರ್ತಿಯರ ವಾದ. ನಮ್ಮ ದೇಶದ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೆಲಸ ಕಳೆದುಕೊಂಡು ಹೋದರು. ನಿಯಮ ಸ್ಪಷ್ಟವಾಗಿದೆ: ಮೈಯೊಳಗೆ ಏನು ಸಿಕ್ಕರೂ ಹೊಣೆ ಆಟಗಾರನದು, ಯಾರು ಕೊಟ್ಟರು ಎಂಬುದು ಹೆಚ್ಚೆಂದರೆ ಶಿಕ್ಷೆ ತಗ್ಗಿಸುವ ಮಾತು. ಕೊಡುವವರು ಇದನ್ನು ನೆನಪಿಡಬೇಕು.

ಕೊಡುವ ಚಾಳಿ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ 2023ರ ಸೆಪ್ಟೆಂಬರ್ ಸಾಕ್ಷಿ. ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ ಕೂಟ. ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜುಗಳ ವಿಡಿಯೋ ಹರಿದಾಡಿ, ಕೊನೆಯ ದಿನ ನಾಡಾ, ಅಂದರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಯ ಅಧಿಕಾರಿಗಳು ಬಂದರು. ಬಂದ ಸುದ್ದಿ ಹಬ್ಬಿದ್ದೇ ತಡ, ಗಂಡಸರ ನೂರು ಮೀಟರ್ ಫೈನಲ್‌ಗೆ ಒಬ್ಬನೇ ಉಳಿದ. ಮಿಕ್ಕ ಏಳು ಜನಕ್ಕೆ ಏಕಕಾಲಕ್ಕೆ ನೋವೋ ಸೆಳೆತವೋ! ಸ್ಟೀಪಲ್‌ಚೇಸ್ ಓಡಿದ ಜೂನಿಯರ್ ಹುಡುಗಿಯೊಬ್ಬಳು ಗುರಿ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದಳು, ಮಾದರಿ ತೆಗೆಯುವವರು ಹಿಂದೆ ಓಡಬೇಕಾಯಿತು. ಇದನ್ನು ಹೇಳಿ ನಗುವವರನ್ನು ಕಂಡಿದ್ದೇನೆ. ನನಗೆ ನಗು ಬರಲಿಲ್ಲ. ಅವಳಿಗೆ ಓಡು ಎಂದು ಹೇಳಿದವರು ಯಾರೋ ಇದ್ದಿರಬೇಕು. ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ಅದೇ ವರ್ಷದ ಲೆಕ್ಕದಲ್ಲಿ, ಐದು ಸಾವಿರಕ್ಕಿಂತ ಹೆಚ್ಚು ಮಾದರಿ ಪರೀಕ್ಷಿಸಿದ ದೇಶಗಳ ಪೈಕಿ ನೂರಕ್ಕೆ ಹೆಚ್ಚು ಸಿಕ್ಕಿಬಿದ್ದವರು ಭಾರತದವರು, 3.8 ಶೇಕಡಾ.

ಸ್ಟಿರಾಯ್ಡ್ ನಿಧಾನದ ಮಾತಾಯಿತು. ಅದೇ ದಿನ ಕೊಲ್ಲಬಲ್ಲದ್ದು ಉತ್ತೇಜಕ ಮದ್ದು. ಮೆಫೆಂಟರ್ಮಿನ್ ಬಗ್ಗೆ ಹೇಳುತ್ತಿದ್ದೇನೆ ಎಂದು ನಿಮಗೆ ಗೊತ್ತು, ಬ್ರಾಂಡ್ ಹೆಸರು ನಾನು ಬರೆಯುವುದಿಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ತಾಯಿಯ ಬಿಪಿ ಕುಸಿಯುತ್ತದೆ. ಆಗ ಅರಿವಳಿಕೆ ತಜ್ಞರು ಮಾನಿಟರ್ ಮೇಲೆ ಕಣ್ಣಿಟ್ಟು ಕೆಲವೇ ಮಿಲಿಗ್ರಾಂ ಕೊಡುವ ಔಷಧ ಅದು. ಆ ಮೇಜಿನ ಮೇಲೆ ಆಮ್ಲಜನಕವಿದೆ, ಇಸಿಜಿ ಇದೆ, ಎದುರು ಮದ್ದು ಇದೆ. ನಿಮ್ಮ ಬಾತ್‌ರೂಮಿನಲ್ಲಿ ಏನಿದೆ? ಬಿಪಿ ಬೀಳದ, ಗಟ್ಟಿಮುಟ್ಟಾದ ಹುಡುಗನ ರಕ್ತನಾಳಕ್ಕೆ ಅದನ್ನು ನುಗ್ಗಿಸಿದರೆ ರಕ್ತದೊತ್ತಡ ಚಿಮ್ಮುತ್ತದೆ, ಎದೆ ಹಾರುತ್ತದೆ, ಸುಸ್ತು ಎಂಬುದೇ ಮಾಯ. ಮಿದುಳಿನ ರಕ್ತನಾಳ ಒಡೆಯುವುದಕ್ಕೂ, ಹೃದಯದ ಲಯ ತಪ್ಪುವುದಕ್ಕೂ ಅಷ್ಟು ಸಾಕು. ದಿನಾ ಚುಚ್ಚಿಕೊಳ್ಳುವವರು ಅದಿಲ್ಲದೆ ಹಾಸಿಗೆ ಬಿಟ್ಟು ಏಳಲಾರರು. ಯಾರೋ ಹಿಂಬಾಲಿಸುತ್ತಿದ್ದಾರೆ, ಮನೆಯವರೇ ವಿಷ ಹಾಕುತ್ತಿದ್ದಾರೆ ಎಂಬ ಭ್ರಮೆಗೆ ಬಿದ್ದ ಬಾಡಿಬಿಲ್ಡರ್‌ಗಳ ಬಗ್ಗೆ ನಮ್ಮ ದೇಶದ ಮನೋವೈದ್ಯರು ವರದಿ ಬರೆದಿದ್ದಾರೆ. ಒಂದೇ ಸೂಜಿ ನಾಲ್ವರಿಗೆ ಬಳಸಿದರೆ ಎಚ್ಐವಿ, ಹೆಪಟೈಟಿಸ್ ಸಿ ಉಚಿತ.

ಭರ್ತಿ ಮೈದಾನದ ಕೋಚ್‌ಗಳು ಈ ಸಾಲನ್ನು ಎರಡು ಸಲ ಓದಬೇಕು. 1,600 ಮೀಟರ್ ಓಟಕ್ಕೆ ಮೊದಲು ‘ಒಂದು ಇಂಜೆಕ್ಷನ್ ಹೊಡೆದರೆ ಹಾರ್ತೀಯ’ ಎನ್ನುವುದು ಎಲ್ಲೆಲ್ಲಿ ನಡೆದಿದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸುಸ್ತು ದೇಹದ ಎಚ್ಚರಿಕೆ. ಉತ್ತೇಜಕ ಅದನ್ನು ಮುಚ್ಚಿಡುತ್ತದೆ, ಮೈಯ ಶಾಖ ಮಾತ್ರ ಏರುತ್ತಲೇ ಹೋಗುತ್ತದೆ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ, ಮಾಂಟ್ ವೆಂಟೂ ಬೆಟ್ಟದ ಬಿಸಿಲಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಬಿದ್ದು ಸತ್ತ. ವಯಸ್ಸು 29. ರಕ್ತದಲ್ಲಿ ಆಂಫೆಟಮೈನ್ ಮತ್ತು ಮದ್ಯ ಇತ್ತು, ಅಂಗಿಯ ಜೇಬಿನಲ್ಲಿ ಆ ಮಾತ್ರೆಗಳ ಕೊಳವೆ. ಕಲಬುರಗಿ, ರಾಯಚೂರಿನ ಮಾರ್ಚ್ ಬಿಸಿಲು ಆ ಬೆಟ್ಟಕ್ಕಿಂತ ಕರುಣಾಳುವಲ್ಲ. ಭರ್ತಿ ಓಟದಲ್ಲಿ ಅಭ್ಯರ್ಥಿ ಕುಸಿದು ಸತ್ತರೆ ಮರುದಿನ ಪತ್ರಿಕೆಯಲ್ಲಿ ಹೃದಯಾಘಾತ ಎಂದು ಬರುತ್ತದೆ. ಎಲ್ಲ ಸಾವೂ ಮದ್ದಿನಿಂದ ಎಂದು ನಾನು ಹೇಳುವುದಿಲ್ಲ, ಹೇಳಲು ಆಧಾರವೂ ಇಲ್ಲ. ಆದರೆ ಸೂಜಿ ಕೊಟ್ಟವನು ಆ ಸುದ್ದಿ ಓದುತ್ತಾ ಏನು ಯೋಚಿಸುತ್ತಾನೆ ಎಂಬುದನ್ನು ಅವನೇ ಹೇಳಬೇಕು.

ಡಬ್ಬಿಗಳ ಬಗ್ಗೆ ಚುಟುಕಾಗಿ. ಪ್ರೀ ವರ್ಕೌಟ್ ಪುಡಿಯ ಮುಖ್ಯ ಸರಕು ಕೆಫೀನ್. ಅದನ್ನು ನೀರಿಲ್ಲದೆ ಬಾಯಿಗೆ ಸುರಿದುಕೊಳ್ಳುವ ಚಟ ರೀಲ್ಸ್‌ನಿಂದ ಬಂದಿದೆ, ನಿಮ್ಮೆದುರು ಯಾರಾದರೂ ಮಾಡಿದರೆ ಡಬ್ಬಿ ಕಿತ್ತಿಟ್ಟುಕೊಳ್ಳಿ. ಹೊರದೇಶದ ಕೆಲವು ಪುಡಿಗಳಲ್ಲಿ ಮಿಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಇರುತ್ತಿತ್ತು. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಮಹಿಳೆಯರ ನೂರು ಮೀಟರ್ ಗೆದ್ದ ನೈಜೀರಿಯಾದ ಒಸಾಯೆಮಿ ಚಿನ್ನ ಕಳೆದುಕೊಂಡದ್ದು ಅದರಿಂದಲೇ. ಕೆಮ್ಮಿನ ಸಿರಪ್ಪನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಹತ್ತೊಂಬತ್ತರ ವಯಸ್ಸಿನಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾದದ್ದು ಸಿರಪ್ಪಿನ ಟರ್ಬ್ಯುಟಲಿನ್‌ನಿಂದ. ಪ್ರೋಟೀನ್ ಪುಡಿಯ ಮೇಲೆ ನನಗೆ ದ್ವೇಷವಿಲ್ಲ, ಆದರೆ 2024ರಲ್ಲಿ ಕೇರಳದ ವೈದ್ಯರು ನಮ್ಮ ಮಾರುಕಟ್ಟೆಯ 36 ಡಬ್ಬಿ ಪರೀಕ್ಷಿಸಿದಾಗ 25ರಲ್ಲಿ ಚೀಟಿಯಲ್ಲಿದ್ದ ಪ್ರೋಟೀನಿಗೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ನೂರು ಗ್ರಾಂ ಹುರುಳಿಕಾಳಿನಲ್ಲಿ ಇಪ್ಪತ್ತು ಗ್ರಾಂ ಮೀರಿ ಪ್ರೋಟೀನ್ ಇದೆ, ಕಡಲೆಕಾಯಿಯಲ್ಲಿ ಇನ್ನೂ ಜಾಸ್ತಿ. ಮುದ್ದೆ, ಹುರುಳಿ ಸಾರು, ನಾಲ್ಕು ಮೊಟ್ಟೆಗೆ ಕಮಿಷನ್ ಯಾರೂ ಕೊಡುವುದಿಲ್ಲ ಎಂಬುದೊಂದೇ ಅದರ ದೋಷ.

ಕಮಿಷನ್ ಎಂದದ್ದು ಚುಚ್ಚಲಿಕ್ಕಲ್ಲ. ತಿಂಗಳಿಗೆ ಏಳುನೂರು, ಎಂಟುನೂರು ಫೀಸಿನಲ್ಲಿ ಬಾಡಿಗೆ, ಕರೆಂಟು, ಸಾಲದ ಕಂತು ಕಟ್ಟುವ ನಿಮ್ಮ ಕಷ್ಟ ಕಾಣುತ್ತದೆ. ಎದುರು ರಸ್ತೆಯಲ್ಲಿ ಇನ್ನೊಂದು ಜಿಮ್ ತೆರೆದು ‘ತೊಂಬತ್ತು ದಿನದಲ್ಲಿ ಸಿಕ್ಸ್ ಪ್ಯಾಕ್’ ಎಂದು ಫ್ಲೆಕ್ಸ್ ಹಾಕಿದರೆ, ಪ್ರಾಮಾಣಿಕವಾಗಿ ‘ಎರಡು ವರ್ಷ ಆಗುತ್ತೆ’ ಎಂದು ಹೇಳುವವನ ಬಳಿ ಯಾರು ಬರುತ್ತಾರೆ? ಸಿನಿಮಾ ನಟರು ಪಾತ್ರಕ್ಕೆಂದು ಆರು ತಿಂಗಳಲ್ಲಿ ಮೈ ಬದಲಿಸಿದ ಸುದ್ದಿಗಳು ನಿಮ್ಮ ಮೇಲೇ ಒತ್ತಡ ಹೇರುತ್ತವೆ. ಹಾಗಿದ್ದೂ ಒಂದು ವ್ಯತ್ಯಾಸ ಉಳಿಯುತ್ತದೆ. ಗರಡಿಯ ಉಸ್ತಾದರೆಲ್ಲ ಸಂತರಾಗಿರಲಿಲ್ಲ, ಅವರಲ್ಲೂ ಭಾಂಗ್ ಅರೆದು ಕುಡಿಸುವವರಿದ್ದರು. ಆದರೆ ಮೈಸೂರಿನ ಗರಡಿಯಲ್ಲಿ ಮಟ್ಟಿ ಮುಟ್ಟಿದ ಹುಡುಗ ನಲವತ್ತಾದ ಮೇಲೂ ಅದೇ ಬೀದಿಯಲ್ಲಿರುತ್ತಿದ್ದ. ಅವನ ಮೊಣಕಾಲು, ಅವನ ಸಂಸಾರ, ಅವನ ಸೋಲು ಎಲ್ಲ ಉಸ್ತಾದರ ಕಣ್ಣಿಗೆ ಬೀಳುತ್ತಿತ್ತು. ಅಂಥ ಕಣ್ಣು ನಿಮಗೆ ಇಲ್ಲದಿರುವುದೇ ನನ್ನ ಇಡೀ ಚಿಂತೆ.

ಅದಕ್ಕೆ ಕೇಳುತ್ತಿದ್ದೇನೆ. ನಿಮ್ಮ ಹಳೆಯ ಹುಡುಗರಲ್ಲಿ ಐದು ವರ್ಷದ ಹಿಂದೆ ಸೈಕಲ್ ಮಾಡಿದ ಇಬ್ಬರಿಗೆ ಫೋನ್ ಮಾಡಿ, ಹೇಗಿದ್ದೀರಿ ಎಂದು ವಿಚಾರಿಸಿ. ನಾನು ಹೇಳಿದ್ದು ಸುಳ್ಳಾದರೆ ನಿಮಗೇ ತಿಳಿಯುತ್ತದೆ. ಹದಿನೆಂಟರ ಒಳಗಿನವನಿಗೆ ಪುಡಿಯನ್ನಾಗಲಿ ಸೂಜಿಯನ್ನಾಗಲಿ ಮಾರಬೇಡಿ, ಮಾರುವವರ ನಂಬರೂ ಕೊಡಬೇಡಿ. ವೈದ್ಯರ ಚೀಟಿಯಿಲ್ಲದೆ ಸೂಜಿಯ ಮದ್ದು ಮಾರುವುದು ಕಾನೂನಿನಲ್ಲಿ ಅಪರಾಧವೇ, ಪೊಲೀಸರು ಮೆಡಿಕಲ್ ಶಾಪಿನಿಂದ ಹೊರಟರೆ ಮುಂದಿನ ಬಾಗಿಲು ನಿಮ್ಮದು.

ಈಗಾಗಲೇ ಬಳಸುತ್ತಿರುವವನನ್ನು ಬೈದು ಓಡಿಸಬೇಡಿ, ಓಡಿಸಿದರೆ ಅವನು ಸೀದಾ ಇನ್ನೊಂದು ಜಿಮ್‌ಗೆ ಹೋಗುತ್ತಾನೆ. ಬಳಸುವವರಲ್ಲಿ ಸುಮಾರು ಮೂವರಲ್ಲಿ ಒಬ್ಬನಿಗೆ ಇದು ಬಿಡಲಾರದ ಚಟವಾಗುತ್ತದೆ ಎಂಬ ಅಂದಾಜಿದೆ. ಏಕಾಏಕಿ ನಿಲ್ಲಿಸಿದಾಗ ಮೈಯ ಸ್ವಂತ ಹಾರ್ಮೋನು ಇನ್ನೂ ಏಳದೆ, ತಿಂಗಳುಗಟ್ಟಲೆ ಮಂಕು, ನಿದ್ರೆಯಿಲ್ಲ, ಯಾವುದರಲ್ಲೂ ಆಸೆಯಿಲ್ಲ. ಆತ್ಮಹತ್ಯೆಯ ಯೋಚನೆ ಬರುವುದು ಆಗ. ಹುಡುಗ ಜಿಮ್‌ಗೆ ಬರುವುದು ಬಿಟ್ಟ ಎಂದು ನೀವು ಸುಮ್ಮನಾಗುವುದೂ ಆಗಲೇ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿ, ದುಡ್ಡಿಲ್ಲ. ಪ್ರೋಟೀನ್ ಪೋಸ್ಟರಿನ ಪಕ್ಕದಲ್ಲಿ ಅದನ್ನೊಂದು ಬರೆದು ಅಂಟಿಸಿ. ಎದೆನೋವು, ಎದೆ ಹಾರುವುದು, ತಲೆ ಸಿಡಿಯುವುದು, ಕೋಲಾ ಬಣ್ಣದ ಮೂತ್ರ, ಹಳದಿ ಕಣ್ಣು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ. ಉಳಿದವರು ಪುರುಸೊತ್ತಿನಲ್ಲಿ ಬರಲಿ: ಬಿಪಿ, ಇಸಿಜಿ, ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಪರೀಕ್ಷೆ, ಕೊಲೆಸ್ಟರಾಲ್, ಪಿತ್ತಜನಕಾಂಗದ್ದು, ಬೇಕೆನಿಸಿದರೆ ಎಕೋ. ಇವಿಷ್ಟೂ ಜಿಲ್ಲಾಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತವೆ.

ಅವರು ಒಬ್ಬರೇ ಬರುವುದಿಲ್ಲ, ನೀವೇ ಕರೆದುಕೊಂಡು ಬನ್ನಿ. ನಾವು ಪೊಲೀಸರಿಗೆ ಹೇಳುವುದಿಲ್ಲ, ಅಪ್ಪ ಅಮ್ಮನಿಗೆ ಹೇಳುವ ಮೊದಲು ಹುಡುಗನನ್ನೇ ಕೇಳುತ್ತೇವೆ. ಬರುವಾಗ ಸೀಸೆ, ಮಾತ್ರೆಯ ಪಟ್ಟಿ, ಪುಡಿಯ ಡಬ್ಬಿ ಏನಿದೆಯೋ ಅದನ್ನು ಜೊತೆಗೇ ತನ್ನಿ, ಚೀಟಿ ಕಿತ್ತುಹಾಕಬೇಡಿ. ಏನು ಚುಚ್ಚಿಕೊಂಡ ಎಂದು ಗೊತ್ತಾದರೆ ಚಿಕಿತ್ಸೆಯಲ್ಲಿ ಅರ್ಧ ದಿನ ಉಳಿಯುತ್ತದೆ.

ಇತಿ,
ನಿಮ್ಮ ಹುಡುಗರನ್ನು ಆಮೇಲೆ ನೋಡುವ ಒಬ್ಬ ವೈದ್ಯ